ಸಿಪ್ಯಾಪ್ ಮಾಸ್ಕ್ ಸರಿಹೊಂದದಿದ್ದರೆ ಕಂಪನಿಯಿಂದ ನೆರವು ಪಡೆಯುವುದು ಹೇಗೆ?

ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾಕ್ಕೆ ಡಾಕ್ಟರು ಸಿಪ್ಯಾಪ್ (ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಡುವ ಯಂತ್ರ) ಬರೆದುಕೊಟ್ಟರೆ ಮಂಗಳೂರು, ಮಣಿಪಾಲದ ಕಡೆ ಯಂತ್ರ ಸಿಗುವುದು ಕಷ್ಟವೇನಲ್ಲ. ಕಷ್ಟ ಶುರುವಾಗುವುದು ಮಾಸ್ಕಿನಿಂದ. ಬೆಳಗ್ಗೆ ಎದ್ದಾಗ ಮೂಗಿನ ಮೇಲೆ ಕೆಂಪು ಗೆರೆ, ರಾತ್ರಿಯಿಡೀ ಕಣ್ಣಿಗೆ ಬಡಿಯುವ ಗಾಳಿ. ಅಂಗಡಿಯಲ್ಲಿ ಹೇಳಿದರೆ "ಸ್ವಲ್ಪ ದಿವಸ ನೋಡಿ, ಅಭ್ಯಾಸ ಆಗ್ತದೆ" ಎಂಬ ಉತ್ತರ. ಎಷ್ಟೋ ಮನೆಗಳಲ್ಲಿ ಯಂತ್ರ ಕಪಾಟು ಸೇರುವುದು ಇದೇ ಹಂತದಲ್ಲಿ. ಮಾಸ್ಕ್ ತಯಾರಿಸಿದ ಕಂಪನಿಯನ್ನೇ ನೇರವಾಗಿ ಕೇಳುವ ಹಕ್ಕು ನಿಮಗಿದೆ. ಕೇಳುವ ಮೊದಲು ಸ್ವಲ್ಪ ತಯಾರಿ ಬೇಕು.

ಮೊದಲು ಆಯಸ್ಕಾಂತ ನೋಡಿ

ಮಾಸ್ಕಿನ ಪಟ್ಟಿಯ ಕೊಕ್ಕೆ 'ಟಕ್' ಎಂದು ತಾನಾಗಿಯೇ ಅಂಟಿಕೊಳ್ಳುತ್ತದೆಯೇ? ಹಾಗಿದ್ದರೆ ಅದರೊಳಗೆ ಆಯಸ್ಕಾಂತ ಇರಬಹುದು. ಅನುಮಾನವಿದ್ದರೆ ಕೊಕ್ಕೆಯನ್ನು ನೀರುದೋಸೆಯ ಕಬ್ಬಿಣದ ಕಾವಲಿಗೆ ತಾಗಿಸಿ ನೋಡಿ, ಗೊತ್ತಾಗುತ್ತದೆ. ಪೇಸ್‌ಮೇಕರ್ ಇರುವವರು ಈ ಪರೀಕ್ಷೆಯನ್ನು ಮನೆಯ ಬೇರೆಯವರ ಕೈಯಲ್ಲಿ ಮಾಡಿಸಬೇಕು.

ಇದನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ಆಯಸ್ಕಾಂತವಿರುವ ಮಾಸ್ಕ್‌ಗಳ ಬಗ್ಗೆ ಅವುಗಳನ್ನು ತಯಾರಿಸುವ ಕಂಪನಿಗಳಾದ ಫಿಲಿಪ್ಸ್ 2022ರ ಸೆಪ್ಟೆಂಬರಿನಲ್ಲಿ, ರೆಸ್‌ಮೆಡ್ 2023ರ ನವೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿದವು. ಪೇಸ್‌ಮೇಕರ್, ಐಸಿಡಿ (ಹೃದಯ ಬಡಿತ ತಪ್ಪಿದಾಗ ಶಾಕ್ ಕೊಡುವ ಸಾಧನ), ಕಿವಿ ಕೇಳಿಸಲು ಒಳಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ತಲೆಯ ನೀರು ಇಳಿಸುವ ಶಂಟ್ ಇಂಥವುಗಳ ಹತ್ತಿರ ಈ ಆಯಸ್ಕಾಂತ ಬರಬಾರದು. ಕನಿಷ್ಠ 15 ಸೆಂಟಿಮೀಟರ್, ಅಂದರೆ ಸುಮಾರು ಆರು ಇಂಚು ದೂರವಿರಬೇಕು. ಮಾಸ್ಕ್ ಹಾಕುವವರಿಗೆ ಮಾತ್ರವಲ್ಲ, ಪಕ್ಕದಲ್ಲಿ ಮಲಗುವವರಿಗೂ ಇದೇ ನಿಯಮ. ಅಜ್ಜನಿಗೆ ಮಾಸ್ಕ್, ಅಜ್ಜಿಗೆ ಪೇಸ್‌ಮೇಕರ್ ಇರುವ ಮನೆಯಲ್ಲಿ ಇದನ್ನು ಯಾರೂ ಯೋಚಿಸಿರುವುದಿಲ್ಲ. ಹಾಗಿದ್ದರೆ ಆ ಮಾಸ್ಕ್ ಬದಿಗಿಟ್ಟು ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಆಯಸ್ಕಾಂತವಿಲ್ಲದ ಮಾಸ್ಕ್ ಕೇಳಿ. ಅಂಥವು ಬೇಕಾದಷ್ಟಿವೆ.

ಅಳತೆ ಸರಿಯಿದೆಯೇ?

ಕನ್ನಡಿ ಮುಂದೆ ಕೂತು ನೋಡಿದರೆ ಎಲ್ಲ ಮಾಸ್ಕೂ ಸರಿಯಾಗಿಯೇ ಕಾಣುತ್ತದೆ. ಹಾಸಿಗೆಯಲ್ಲಿ ಮಲಗಿ, ಯಂತ್ರ ಚಾಲೂ ಮಾಡಿ, ಮಗ್ಗುಲು ಬದಲಿಸಿ ನೋಡಬೇಕು. ಗಾಳಿ ಸೋರಿದ ಕೂಡಲೇ ಪಟ್ಟಿ ಬಿಗಿಯಬೇಡಿ. ಗಾಳಿ ತುಂಬಿದಾಗ ಸಿಲಿಕೋನ್ ಕುಶನ್ ಉಬ್ಬಿ ಮುಖಕ್ಕೆ ಕೂರುವಂತೆ ಮಾಡಿರುತ್ತಾರೆ. ಅತಿಯಾಗಿ ಬಿಗಿದರೆ ಅದು ಮಡಚಿಕೊಂಡು ಸೋರಿಕೆ ಹೆಚ್ಚುತ್ತದೆ, ಚರ್ಮವೂ ಗಾಯವಾಗುತ್ತದೆ. ಮಾಸ್ಕನ್ನು ಮುಖದಿಂದ ಸ್ವಲ್ಪ ಎಳೆದು ಬಿಟ್ಟರೆ ಕುಶನ್ ತಾನಾಗಿ ಕೂರುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಮತ್ತು ಮುಖಕ್ಕೆ ಹಚ್ಚಿದ ತೆಂಗಿನೆಣ್ಣೆಯೂ ಜಾರಿಸುತ್ತವೆ, ಮಲಗುವ ಮುನ್ನ ಮುಖ ತೊಳೆಯಿರಿ. ಮುಂಭಾಗದ ಸಣ್ಣ ತೂತುಗಳಿಂದ ಗಾಳಿ ಬರುವುದು ದೋಷವಲ್ಲ. ನೀವು ಬಿಟ್ಟ ಉಸಿರು ಹೋಗುವುದು ಅಲ್ಲಿಂದಲೇ, ಅದನ್ನು ಎಂದೂ ಮುಚ್ಚಬೇಡಿ.

ಮೂಗು, ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಆದರೆ ಒಂದು ತಪಾಸಣೆ ಕಡ್ಡಾಯ. ಮಳೆಗಾಲದಲ್ಲಿ ರಾತ್ರಿ ಕರೆಂಟು ಹೋದಾಗ ಹೊರಗಿನ ಗಾಳಿ ಒಳಬರಲು ಅದರಲ್ಲಿ ಒಂದು ಕವಾಟ ಇರುತ್ತದೆ. ಯಂತ್ರ ನಿಲ್ಲಿಸಿ, ಮಾಸ್ಕ್ ಹಾಕಿಕೊಂಡು ಉಸಿರಾಡಿ. ಉಸಿರು ಕಟ್ಟಿದಂತಾದರೆ ಆ ಮಾಸ್ಕ್ ಬಳಸಲೇಬಾರದು.

ಕಂಪನಿಗೆ ಹೇಳುವುದು

ಬಿಲ್ಲು ಹುಡುಕಿ. ಪೆಟ್ಟಿಗೆಯ ಲೇಬಲ್ಲಿನಲ್ಲಿ ಮಾದರಿಯ ಹೆಸರು, ಸೈಜು, ಲಾಟ್ ಸಂಖ್ಯೆ ಇರುತ್ತವೆ. ವಿದೇಶದಿಂದ ಬಂದ ಮಾಸ್ಕ್ ಆದರೆ ಭಾರತದ ಆಮದುದಾರರ ಹೆಸರು, ವಿಳಾಸವೂ ಅಲ್ಲೇ ಸಿಗುತ್ತದೆ. ಪೆಟ್ಟಿಗೆ ಬಿಸಾಡಬೇಡಿ ಎನ್ನುವುದು ಇದಕ್ಕೇ. ಯಂತ್ರದಲ್ಲಿ ಸೋರಿಕೆಯ ಅಂಕಿ ಇದ್ದರೆ ಬರೆದಿಡಿ. ರೆಸ್‌ಮೆಡ್ ಯಂತ್ರಗಳಲ್ಲಿ ನಿಮಿಷಕ್ಕೆ 24 ಲೀಟರ್ ದಾಟಿದರೆ ಹೆಚ್ಚೆಂದು ಲೆಕ್ಕ. ಗಾಯದ, ಬಿರುಕಿನ ಫೋಟೊ ತೆಗೆಯಿರಿ.

ಫೋನಿಗಿಂತ ಇಮೇಲ್ ಒಳ್ಳೆಯದು, ದಾಖಲೆ ಉಳಿಯುತ್ತದೆ. "ಮಾಸ್ಕ್ ಸರಿ ಇಲ್ಲ" ಎಂದಷ್ಟೇ ಬರೆದರೆ ಮಾಮೂಲಿ ಉತ್ತರ ಬರುತ್ತದೆ. "ಇಂಥ ಮಾದರಿ, ಇಂಥ ಲಾಟ್, ಯಂತ್ರದ ಒತ್ತಡ ಇಷ್ಟು, ಎಡಗೆನ್ನೆಯಲ್ಲಿ ಸೋರುತ್ತಿದೆ, ಮೂಗಿನ ಮೇಲೆ ಹುಣ್ಣಾಗಿದೆ, ಇದನ್ನು ಸುರಕ್ಷತೆಯ ದೂರು ಎಂದು ದಾಖಲಿಸಿ ದೂರಿನ ಸಂಖ್ಯೆ ಕೊಡಿ" ಎಂದು ಬರೆಯಿರಿ. ಬೇರೆ ಸೈಜು ಅಥವಾ ಬೇರೆ ಮಾದರಿ ಬದಲಿಸಿ ಕೊಡುತ್ತಾರೆಯೇ ಎಂಬುದನ್ನೂ ಅದರಲ್ಲೇ ಕೇಳಿ. ಒಡೆದ ಮಾಸ್ಕನ್ನು ಅಂಗಡಿಗೆ ಹಾಗೇ ಒಪ್ಪಿಸಬೇಡಿ. ಮೊದಲು ಫೋಟೊ, ಆಮೇಲೆ ರಸೀದಿ, ಆಮೇಲೆ ಮಾಸ್ಕ್.

ಉತ್ತರ ಬರುವವರೆಗೆ ಚಿಕಿತ್ಸೆ ನಿಲ್ಲದಿರಲು ಬದಲಿ ಮಾಸ್ಕ್ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ.

ಕಂಪನಿ ಕಿವಿಗೊಡದಿದ್ದರೆ

ವೈದ್ಯಕೀಯ ಸಾಧನದಿಂದ ತೊಂದರೆಯಾದರೆ ವರದಿ ಮಾಡಲು 2015ರಿಂದ ಕೇಂದ್ರ ಸರ್ಕಾರದ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮವಿದೆ. ಶುಲ್ಕವಿಲ್ಲದ ಸಂಖ್ಯೆ 1800-180-3024. ಡಾಕ್ಟರೇ ಆಗಬೇಕೆಂದಿಲ್ಲ, ರೋಗಿಯೂ ವರದಿ ಮಾಡಬಹುದು. ಹಣದ ವಿಷಯಕ್ಕೆ, ಅಂದರೆ ಬದಲಿ ಅಥವಾ ಮರುಪಾವತಿಗೆ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಮಂಗಳೂರು ಅಥವಾ ಉಡುಪಿಯ ಜಿಲ್ಲಾ ಗ್ರಾಹಕರ ಆಯೋಗ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಅಲ್ಲಿ ಶುಲ್ಕವಿಲ್ಲ, ತೊಂದರೆ ಆದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಕಂಪನಿಗೆ ಕಳಿಸಿದ ಇಮೇಲ್‌ಗಳ ಪ್ರತಿಯನ್ನೂ ದೂರಿಗೆ ಲಗತ್ತಿಸಿ.