ಅಡಿಕೆ ಸುಲಿಯುವ ಕೆಲಸದ ಟೈಮ್ ಸ್ಟಡಿ ಮಾಡುವುದು ಹೇಗೆ?

ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ವರ್ಕ್ ಸ್ಟಡಿ (ಕೆಲಸದ ವಿಧಾನ ಮತ್ತು ಸಮಯದ ಅಧ್ಯಯನ) ಪ್ರಾಜೆಕ್ಟ್ ಬಂತೆಂದರೆ ಕಾರ್ಖಾನೆಗಳ ಅನುಮತಿಗಾಗಿ ಅಲೆಯುತ್ತಾರೆ. ಶಿರಸಿ, ಸಿದ್ದಾಪುರದ ಕಡೆಯವರಿಗೆ ಆ ಅಲೆದಾಟ ಬೇಕಿಲ್ಲ. ಕೊಯ್ಲಿನ ಕಾಲದಲ್ಲಿ ಊರಿಗೆ ಬಂದರೆ, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಒಂದೇ ಕೆಲಸ ಸಾವಿರಾರು ಸಲ ನಡೆಯುತ್ತಿರುತ್ತದೆ. ಟೈಮ್ ಸ್ಟಡಿಗೆ, ಅಂದರೆ ಒಂದು ಕೆಲಸಕ್ಕೆ ಎಷ್ಟು ಸಮಯ ಬೇಕೆಂದು ಗಡಿಯಾರ ಹಿಡಿದು ಅಳೆಯುವುದಕ್ಕೆ, ಬೇಕಾದದ್ದು ಅದೇ.

ಮೊದಲು ಸುಲಿಯುವವರ ಒಪ್ಪಿಗೆ ಪಡೆಯಿರಿ, ಯಜಮಾನರ ಒಪ್ಪಿಗೆ ಆಮೇಲೆ. ಕೂಲಿ ಕೆ.ಜಿ. ಲೆಕ್ಕದಲ್ಲಿರುವ ಕಡೆ ಗಡಿಯಾರ ಹಿಡಿದು ನಿಂತರೆ ದರ ಇಳಿಸಲು ಬಂದವರೆಂಬ ಅನುಮಾನ ಬರುವುದು ಸಹಜ. ಆಗ ಕೈ ನಿಧಾನವಾಗುತ್ತದೆ, ಇಲ್ಲವೇ ಹುರುಪಿಗೆ ಬಿದ್ದು ಓಡುತ್ತದೆ. ಎರಡರಲ್ಲೂ ಅಳತೆ ಕೆಡುತ್ತದೆ. "ಅಕ್ಕಾ, ಇದು ಕಾಲೇಜಿನ ಲೆಕ್ಕ, ಕೂಲಿ ದರಕ್ಕೆ ಸಂಬಂಧ ಇಲ್ಲ" ಎಂದು ಹೇಳಿ, ಆ ಮಾತು ಉಳಿಸಿಕೊಳ್ಳಿ. ಮೊದಲ ಅರ್ಧ ಗಂಟೆ ಏನನ್ನೂ ಬರೆಯದೆ ಸುಮ್ಮನೆ ಕೂತು ನೋಡಿ.

ಒಂದು ಅಡಿಕೆ ಸುಲಿಯಲು ಕೆಲವೇ ಸೆಕೆಂಡು ಸಾಕು. ಅಷ್ಟು ಚಿಕ್ಕ ಅವಧಿಯಲ್ಲಿ ನಿಮ್ಮ ಬೆರಳಿನ ತಡವೇ ದೊಡ್ಡ ತಪ್ಪಾಗುತ್ತದೆ. ಹಾಗಾಗಿ 20 ಅಡಿಕೆಯನ್ನು ಒಂದು ಸುತ್ತು ಎಂದು ಹಿಡಿಯಿರಿ: ಕೈ ಮೊದಲ ಅಡಿಕೆಗೆ ತಾಗಿದಾಗ ಶುರು, 20ನೆಯದರ ಬೇಳೆ ಬುಟ್ಟಿಗೆ ಬಿದ್ದ ಸದ್ದಿಗೆ ಮುಕ್ತಾಯ. ಮೊಬೈಲ್ ಸ್ಟಾಪ್‌ವಾಚ್ ಸಾಕು, ಆದರೆ ಸೆಕೆಂಡುಗಳನ್ನು 60ರಿಂದ ಭಾಗಿಸಿ ನಿಮಿಷದ ದಶಮಾಂಶದಲ್ಲಿ ಬರೆಯಿರಿ. 1 ನಿಮಿಷ 30 ಸೆಕೆಂಡನ್ನು 1.30 ಎಂದು ಬರೆಯುವವರು ಬಹಳ, ಅದು 1.50. ಹಸಿ ಅಡಿಕೆಯನ್ನೂ ಒಣಗಿಸಿದ ಚಾಲಿಯನ್ನೂ ಒಂದೇ ಹಾಳೆಯಲ್ಲಿ ಬೆರೆಸಬೇಡಿ, ಸಿಪ್ಪೆಯ ಗುಣವೇ ಬೇರೆ. ಕತ್ತಿ ಮಸೆಯುವುದು, ಸಿಪ್ಪೆ ಬದಿಗೆ ಸರಿಸುವುದು ಆಗೀಗ ಬರುವ ಕೆಲಸಗಳು. ಪ್ರತ್ಯೇಕ ಅಳೆದು, ಎಷ್ಟು ಸುತ್ತಿಗೊಮ್ಮೆ ಬರುತ್ತದೆ ನೋಡಿ ಹಂಚಿ ಸೇರಿಸಬೇಕು.

ಐದು ಸುತ್ತಿಗೆ 1.4, 1.5, 1.6, 1.5, 1.7 ನಿಮಿಷ ಬಂತು ಎಂದುಕೊಳ್ಳಿ. ಇಷ್ಟು ಸಾಕೇ? ಶೇ. 95 ಭರವಸೆ, ±5 ಶೇ. ನಿಖರತೆಗೆ ಹೀಗೆ ಲೆಕ್ಕ ಹಾಕುತ್ತಾರೆ: ವರ್ಗಗಳ ಮೊತ್ತ 11.91, ಅದನ್ನು 5ರಿಂದ ಗುಣಿಸಿದರೆ 59.55. ಮೊತ್ತ 7.7ರ ವರ್ಗ 59.29. ಅಂತರ 0.26ರ ವರ್ಗಮೂಲವನ್ನು 40ರಿಂದ (ಈ ಭರವಸೆ, ನಿಖರತೆಗೆ ಬಳಸುವ ಸಂಖ್ಯೆ) ಗುಣಿಸಿ, 7.7ರಿಂದ ಭಾಗಿಸಿ, ಮತ್ತೆ ವರ್ಗ ಮಾಡಿದರೆ ಬೇಕಾದ ಸುತ್ತು 7.02. ಮೇಲಕ್ಕೆ ಹಿಡಿದರೆ 8, ಅಂದರೆ ಇನ್ನೂ ಮೂರು ಸುತ್ತು ಅಳೆಯಬೇಕು.

ಆಮೇಲೂ ಸರಾಸರಿ 1.54 ಉಳಿಯಿತು ಎನ್ನೋಣ. ಈಗ ರೇಟಿಂಗ್, ಅಂದರೆ ಕೆಲಸದ ವೇಗಕ್ಕೆ ಅಂಕ ಹಾಕುವುದು. ಪ್ರಾಜೆಕ್ಟ್ ನಿಲ್ಲುವುದೂ ಬೀಳುವುದೂ ಇಲ್ಲೇ. ಪಳಗಿದ ಕೈ ಸಹಜ ವೇಗದಲ್ಲಿ ಮಾಡಿದರೆ 100. ನೀವು ನೋಡಿದವರು ಅದಕ್ಕಿಂತ ಚುರುಕಾಗಿದ್ದರೆ 110 ಎನ್ನಬಹುದು. 1.54ನ್ನು 1.10ರಿಂದ ಗುಣಿಸಿದರೆ ಸಹಜ ಸಮಯ 1.694. ರೇಟಿಂಗನ್ನು ಅಳೆಯುವಾಗಲೇ ಬರೆಯಿರಿ. ಮನೆಗೆ ಹೋಗಿ ನೆನಪಿನಿಂದ ಹಾಕಿದ ಅಂಕಿ ಬೇಕಾದ ಉತ್ತರದ ಕಡೆಗೇ ವಾಲುತ್ತದೆ. ಇಬ್ಬರು ಬೇರೆ ಬೇರೆ ಕೂತು ರೇಟ್ ಮಾಡಿ ಹೋಲಿಸಿದರೆ ಇನ್ನೂ ಒಳ್ಳೆಯದು.

ಕೊನೆಗೆ ಅಲೋಯನ್ಸ್, ಅಂದರೆ ದಣಿವು, ವಿರಾಮಕ್ಕೆ ಸೇರಿಸುವ ಹೆಚ್ಚುವರಿ ಸಮಯ. ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ಪಟ್ಟಿಯ ಪ್ರಕಾರ ಮಹಿಳೆಯರಿಗೆ ವೈಯಕ್ತಿಕ ಅಗತ್ಯಕ್ಕೆ 7, ಮೂಲ ದಣಿವಿಗೆ 4, ಬಗ್ಗಿ ಕೆಲಸ ಮಾಡುವುದಕ್ಕೆ 3, ಒಟ್ಟು ಶೇ. 14. ಸಹಜ ಸಮಯಕ್ಕೆ ಅದನ್ನು ಸೇರಿಸಿದರೆ ಒಂದು ಸುತ್ತಿನ ಪ್ರಮಾಣಿತ ಸಮಯ ಸುಮಾರು 1.93 ನಿಮಿಷ, ಅಂದರೆ ಗಂಟೆಗೆ ಸುಮಾರು 620 ಅಡಿಕೆ. ಅಲೋಯನ್ಸ್ ಬಿಟ್ಟ ಲೆಕ್ಕ ಕಾಗದದಲ್ಲಿ ಚೆಂದ ಕಾಣುತ್ತದೆ, ದುಡಿಯುವವರಿಗೆ ಅದು ಅನ್ಯಾಯ.

ಕಾರವಾರದವರು ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ಇದೇ ವಿಧಾನ ಹಿಡಿಯಬಾರದು. ಮೀನಿನ ರಾಶಿ ದಿನಕ್ಕೊಂದು ಬಗೆ, ಅಲ್ಲಿ ಸುತ್ತು ಎಂಬುದೇ ಸಿಗದು. ಅಲ್ಲಿಗೆ ವರ್ಕ್ ಸ್ಯಾಂಪ್ಲಿಂಗ್ ಸರಿ: ರ್‍ಯಾಂಡಮ್ ಆಗಿ ಆರಿಸಿದ ಹೊತ್ತಿಗೆ ಒಮ್ಮೆ ಕಣ್ಣುಹಾಯಿಸಿ, ಕೆಲಸ ನಡೆದಿದೆಯೋ ಕಾಯುತ್ತಿದ್ದಾರೋ ಗುರುತು ಹಾಕಿಕೊಳ್ಳುವುದು. ಕಾಯುವ ಪಾಲು ಸುಮಾರು ಶೇ. 30 ಇದ್ದು, ಅದೇ ಶೇ. 95 ಭರವಸೆಯಲ್ಲಿ ಆಚೀಚೆ 5 ಶೇಕಡಾ ಅಂಕಗಳ ಒಳಗಿನ ನಿಖರತೆ ಬೇಕಾದರೆ 4×0.3×0.7ನ್ನು 0.05ರ ವರ್ಗದಿಂದ ಭಾಗಿಸಿ: 336 ನೋಟ. ಇವನ್ನು ಹಲವು ದಿನಗಳಿಗೆ ಹಂಚಿ. ದೋಣಿ ಬಂದ ಒಂದೇ ಬೆಳಿಗ್ಗೆ ಎಲ್ಲ ಮುಗಿಸಿದರೆ ಕಾಯುವ ಹೊತ್ತು ಲೆಕ್ಕಕ್ಕೇ ಸಿಗುವುದಿಲ್ಲ.