ಲಿನಕ್ಸ್ ಮಿಂಟ್‌ನಲ್ಲಿ ಕನ್ನಡದ ಕೆಲಸ: ಮರುಸ್ಥಾಪನೆಗೆ ಕೈಹಾಕುವ ಮುನ್ನ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಲ್ಯಾಪ್‌ಟಾಪನ್ನು ಎಸೆಯಲು ಮನಸ್ಸಾಗದೆ ಅದಕ್ಕೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿಸಿಕೊಂಡು, ಮನೆ ಲೆಕ್ಕ, ಪತ್ರವ್ಯವಹಾರ, ಕನ್ನಡ ಬರವಣಿಗೆಗಳಿಗೆ ಬಳಸುತ್ತಿರುವವರನ್ನು ಕಣ್ಣಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಏನಾದರೂ ಕೆಟ್ಟೊಡನೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಎಲ್ಲವನ್ನೂ ಹೊಸದಾಗಿ ಹಾಕಿಸುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ. ಇದರಿಂದ ಕಡತಗಳು ಕಳೆದುಹೋಗುವ ಅಪಾಯವಿದೆ. ತೊಂದರೆಗೆ ಕಾರಣವೇನೆಂಬ ಸುಳಿವೂ ಅಳಿಸಿಹೋಗುವುದರಿಂದ ಅದೇ ತೊಂದರೆ ಮತ್ತೆ ಬಂದಾಗ ನಾವು ಮೊದಲಿದ್ದಲ್ಲಿಯೇ ಇರುತ್ತೇವೆ. ಕೆಡುವ ಮುನ್ನ ಕೊನೆಯದಾಗಿ ಬದಲಾದದ್ದು ಏನು ಎಂಬ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ದಿನಬಳಕೆಯ ಬಹುಪಾಲು ತೊಂದರೆಗಳನ್ನು ಮನೆಯಲ್ಲಿಯೇ ಸರಿಪಡಿಸಬಹುದು. ಇಲ್ಲಿ ಹೇಳಿರುವ ಮೆನು ಹೆಸರುಗಳು ಮಿಂಟ್ 22ರ ಸಿನಮನ್ ಆವೃತ್ತಿಯವು.

ಮೊದಲ ದಿನದ ಕೆಲಸ

ಮಿಂಟ್ ಜೊತೆಗೇ ಬರುವ ಟೈಮ್‌ಶಿಫ್ಟ್ ಎಂಬ ತಂತ್ರಾಂಶವು ವ್ಯವಸ್ಥೆಯ ಕಡತಗಳ ಒಂದು ಪ್ರತಿಯನ್ನು ತೆಗೆದಿಟ್ಟುಕೊಂಡು, ಬೇಕಾದಾಗ ಕಂಪ್ಯೂಟರನ್ನು ಆ ದಿನದ ಸ್ಥಿತಿಗೆ ಮರಳಿಸುತ್ತದೆ. ಮೊದಲ ಪ್ರತಿ ದೊಡ್ಡದಾಗಿರುತ್ತದೆ. ಆಮೇಲಿನವು ಬದಲಾದ ಕಡತಗಳಿಗೆ ಮಾತ್ರ ಹೊಸ ಜಾಗ ಬಳಸುತ್ತವೆ. ದಿನಕ್ಕೊಂದರಂತೆ ಎರಡು, ವಾರಕ್ಕೊಂದರಂತೆ ಎರಡು ಪ್ರತಿಗಳನ್ನು ಉಳಿಸಿಕೊಳ್ಳುವಂತೆ ಹೊಂದಿಸಿದರೆ ಮನೆಬಳಕೆಗೆ ಸಾಕು ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ಅನೇಕರು ಎಡವುತ್ತಾರೆ: ಟೈಮ್‌ಶಿಫ್ಟ್ ತನ್ನ ಮೂಲ ಹೊಂದಿಕೆಯಲ್ಲಿ ನಿಮ್ಮ ಹೋಮ್ ಕಡತಕೋಶವನ್ನು, ಅಂದರೆ ನಿಮ್ಮ ಬರಹ, ಫೋಟೊ, ಲೆಕ್ಕಪತ್ರಗಳನ್ನು, ಕಾಪಾಡುವುದಿಲ್ಲ. ಅವನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಬೇರೆಯಾಗಿಯೇ ನಕಲು ಮಾಡಿಕೊಳ್ಳಬೇಕು.

ಕನ್ನಡ ಟೈಪಿಂಗ್

ಮಿಂಟ್‌ನಲ್ಲಿ ಕನ್ನಡ ಬರೆಯಲು ಎರಡು ದಾರಿಗಳಿವೆ. ಅವುಗಳ ವ್ಯತ್ಯಾಸ ತಿಳಿಯದಿರುವುದೇ ಅರ್ಧದಷ್ಟು ಗೊಂದಲಕ್ಕೆ ಕಾರಣವಾಗಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲನೆಯದು, ಸಿಸ್ಟಮ್ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡದ ಕೀಲಿಮಣೆ ವಿನ್ಯಾಸವೊಂದನ್ನು ಸೇರಿಸಿಕೊಳ್ಳುವುದು. ಹೀಗೆ ಸೇರಿಸಿದ ವಿನ್ಯಾಸದಲ್ಲಿ ಒಂದು ಕೀಲಿಯನ್ನು ಒತ್ತಿದರೆ ಅದಕ್ಕೆ ಗೊತ್ತುಪಡಿಸಿದ ಅಕ್ಷರ ಮೂಡುತ್ತದೆಯೇ ಹೊರತು, ಹಿಂದೆ ಯಾವ ಅಕ್ಷರವಿದೆ ಎಂಬುದನ್ನು ವ್ಯವಸ್ಥೆ ನೋಡುವುದಿಲ್ಲ. ಭಾರತೀಯ ಭಾಷೆಗಳ ಮಾನಕ ವಿನ್ಯಾಸವಾದ ಇನ್‌ಸ್ಕ್ರಿಪ್ಟ್ ಕಲಿತವರಿಗೆ ಇದು ಸಾಕು. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದು ಅಭ್ಯಾಸವಿರುವವರಿಗೆ ಮಾತ್ರ ಇದು ಕೈಗೆ ಹತ್ತುವುದಿಲ್ಲ. ನುಡಿಯಲ್ಲಿ ಒಂದೇ ಕೀಲಿಯು ಪದದ ಮೊದಲಲ್ಲಿ ಸ್ವರವಾಗಿಯೂ ವ್ಯಂಜನದ ನಂತರ ಸ್ವರಚಿಹ್ನೆಯಾಗಿಯೂ ಮೂಡುತ್ತದೆ. ಸಂದರ್ಭವನ್ನು ನೋಡಿ ನಿರ್ಧರಿಸುವ ಈ ಕೆಲಸಕ್ಕೆ ಐಬಸ್ ಎಂಬ ಎರಡನೆಯ ವ್ಯವಸ್ಥೆ ಬೇಕು.

ಅದಕ್ಕಾಗಿ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್-ಎಂ17ಎನ್ (ibus-m17n) ಎಂಬ ಪ್ಯಾಕೇಜನ್ನು ಹುಡುಕಿ ಸ್ಥಾಪಿಸಿಕೊಳ್ಳಿ. ಬಳಿಕ ಮೆನುವಿನಲ್ಲಿ ಇನ್‌ಪುಟ್ ಮೆಥಡ್ ತೆರೆದು, ಚೌಕಟ್ಟಾಗಿ ಐಬಸ್ಸನ್ನು ಆರಿಸಿ, ಒಮ್ಮೆ ಲಾಗ್ ಔಟ್ ಆಗಿ ಮರಳಿ ಬನ್ನಿ. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಅಡಿಯಲ್ಲಿ ಕೆಜಿಪಿ ಎಂಬುದನ್ನು ಸೇರಿಸಿದರೆ, ಕನ್ನಡ ಗಣಕ ಪರಿಷತ್ತಿನ ಪರಿಚಿತ ವಿನ್ಯಾಸ ಕೈಗೆ ಸಿಗುತ್ತದೆ. ಪರೀಕ್ಷೆಗೆ ಇಂಗ್ಲಿಷಿನ ಕೆ, ಎನ್, ಎಫ್, ಎನ್, ಡಬ್ಲ್ಯು ಕೀಲಿಗಳನ್ನು ಸಾಲಾಗಿ ಒತ್ತಿ ನೋಡಿ; ‘ಕನ್ನಡ’ ಎಂದು ಮೂಡಿದರೆ ಎಲ್ಲವೂ ಸರಿಯಾಗಿದೆ. ಎರಡೂ ದಾರಿಗಳನ್ನು ಒಟ್ಟಿಗೆ ಚಾಲ್ತಿಯಲ್ಲಿಡಬೇಡಿ. ಕೀಬೋರ್ಡ್ ವಿನ್ಯಾಸವೂ ಕನ್ನಡ, ಐಬಸ್ ಕೂಡ ಕನ್ನಡ ಎಂದಾದರೆ ಅಕ್ಷರಗಳು ಕಲಸಿಹೋಗುತ್ತವೆ. ವಿನ್ಯಾಸವು ಇಂಗ್ಲಿಷಿನಲ್ಲಿಯೇ ಇರಲಿ.

ಕೆಲವು ತಂತ್ರಾಂಶಗಳಲ್ಲಿ ಕನ್ನಡ ಬಂದು, ಒಂದೆರಡರಲ್ಲಿ ಮಾತ್ರ ಬಾರದಿದ್ದರೆ, ಆ ತಂತ್ರಾಂಶವು ಐಬಸ್ ಶುರುವಾಗುವ ಮೊದಲೇ ತೆರೆದಿತ್ತೇ ಎಂದು ನೋಡಿ, ಮುಚ್ಚಿ ಮತ್ತೆ ತೆರೆಯಿರಿ. ಲಾಕ್ ಆದ ಪರದೆಯಲ್ಲಿ ಸರಿಯಾದ ಪಾಸ್‌ವರ್ಡನ್ನೇ ವ್ಯವಸ್ಥೆ ಒಪ್ಪದಿದ್ದರೆ ಗಾಬರಿಯಾಗುವ ಮೊದಲು ಕೀಲಿಮಣೆ ಕನ್ನಡದಲ್ಲಿ ನಿಂತಿದೆಯೇ ಎಂದು ಪರೀಕ್ಷಿಸಿ.

ಪತ್ರ, ಬರಹಗಳನ್ನು ಬರೆಯುವ ತಂತ್ರಾಂಶವಾದ ಲಿಬ್ರೆ ಆಫೀಸ್ ರೈಟರ್‌ನಲ್ಲಿ ಬೇರೊಂದು ತೊಡಕಿದೆ. ಶೈಲಿಯಲ್ಲಿ ಅಕ್ಷರದ ಗಾತ್ರವನ್ನು 14 ಎಂದು ಬದಲಿಸಿದರೂ ಕನ್ನಡ ಪಠ್ಯ ಇದ್ದಲ್ಲಿಯೇ ಇರುತ್ತದೆ, ಇಂಗ್ಲಿಷ್ ಪದಗಳು ಮಾತ್ರ ದೊಡ್ಡದಾಗುತ್ತವೆ. ಇದು ದೋಷವಲ್ಲ. ರೈಟರ್ ಕನ್ನಡವನ್ನು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬ ಗುಂಪಿಗೆ ಸೇರಿಸಿ, ಅದಕ್ಕೆ ಫಾಂಟು, ಗಾತ್ರ, ಭಾಷೆ ಮೂರನ್ನೂ ಬೇರೆಯಾಗಿಯೇ ಇಟ್ಟುಕೊಳ್ಳುತ್ತದೆ. ಟೂಲ್ಸ್ ಮೆನುವಿನ ಆಪ್ಷನ್ಸ್‌ನಲ್ಲಿ ಭಾಷೆಗಳ ಪುಟಕ್ಕೆ ಹೋಗಿ ಆ ಗುಂಪನ್ನು ಸಕ್ರಿಯಗೊಳಿಸಿ, ಭಾಷೆಯನ್ನು ಕನ್ನಡವೆಂದು ಆರಿಸಿದರೆ, ಶೈಲಿಗಳ ಫಾಂಟ್ ಪುಟದಲ್ಲಿ ಕನ್ನಡಕ್ಕೆ ಪ್ರತ್ಯೇಕ ಅಂಕಣ ಕಾಣಿಸಿಕೊಳ್ಳುತ್ತದೆ. ಲೋಹಿತ್, ನೋಟೊ, ಗುಬ್ಬಿ, ನವಿಲು ಇವು ಮುಕ್ತ ಪರವಾನಗಿಯ ಕನ್ನಡ ಫಾಂಟುಗಳು. ಉದ್ದದ ಬರಹಕ್ಕೆ ನೋಟೊ ಸೆರಿಫ್ ಕಣ್ಣಿಗೆ ಹಿತವೆಂದು ನನಗನ್ನಿಸಿದೆ. ಬೇರೆಯವರಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿದರೆ ಫಾಂಟು ಅದರೊಳಗೇ ಸೇರಿಕೊಳ್ಳುವುದರಿಂದ, ನೀವು ಕಂಡಂತೆಯೇ ಅವರಿಗೂ ಕಾಣುತ್ತದೆ.

ಹಳೆಯ ನುಡಿ, ಬರಹ ತಂತ್ರಾಂಶಗಳ ಕಡತಗಳು

ಹತ್ತು ಹದಿನೈದು ವರ್ಷಗಳ ಹಿಂದಿನ ಕಡತವನ್ನು ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ತುಂಬಿದ ಪುಟ ಕಂಡರೆ, ಕಡತ ಹಾಳಾಗಿದೆ ಎಂದು ತಿಳಿದು ಅಳಿಸಿಬಿಡಬೇಡಿ. ಪ್ರತಿ ಭಾಷೆಯ ಅಕ್ಷರಗಳಿಗೂ ಅವುಗಳದೇ ಸಂಕೇತಸಂಖ್ಯೆ ಕೊಡುವ ಯುನಿಕೋಡ್ ಬಳಕೆ ನೆಲೆಗೊಳ್ಳುವ ಮುನ್ನ ಬರೆದ ಅಂತಹ ಕಡತಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸಂಖ್ಯೆಗಳ ಮೇಲೆ ಕೂರಿಸಲಾಗಿತ್ತು. ಆ ನಿರ್ದಿಷ್ಟ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಒಳಗಿನ ಸಂಕೇತಗಳೇ ಹೊರಗೆ ಕಾಣುತ್ತವೆ. ಆ ಫಾಂಟನ್ನು ಹಾಕಿಕೊಂಡರೆ ಓದಬಹುದಾದರೂ, ಅದರಲ್ಲಿ ಒಂದು ಪದವನ್ನು ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು. ಆದ್ದರಿಂದ ಆಸ್ಕಿ ಎಂದು ಕರೆಯುವ ಈ ಹಳೆಯ ವಿಧಾನದಿಂದ ಯುನಿಕೋಡಿಗೆ ಪರಿವರ್ತಿಸುವ ಉಪಕರಣವನ್ನು ಬಳಸಿ ಪಠ್ಯವನ್ನು ಹೊಸದಾಗಿ ಉಳಿಸಿಕೊಳ್ಳುವುದೇ ಸರಿಯಾದ ದಾರಿ. ಮೂಲ ಕಡತವನ್ನು ಮಾತ್ರ ಮುಟ್ಟದೆ ಇಟ್ಟುಕೊಳ್ಳಿ. ಹಳೆಯ ವಿಧಾನದಲ್ಲಿ ಅರ್ಕಾವತ್ತನ್ನು ವ್ಯಂಜನದ ನಂತರ ಇಡುತ್ತಿದ್ದರು, ಯುನಿಕೋಡಿನಲ್ಲಿ ರಕಾರ ಮೊದಲು ಬರುತ್ತದೆ. ಹೀಗಾಗಿ ಪರಿವರ್ತನೆಯ ನಂತರ ‘ಸೂರ್ಯ’, ‘ಕರ್ನಾಟಕ’, ‘ಅರ್ಥ’ದಂತಹ ಪದಗಳನ್ನೂ ದೀರ್ಘಗಳನ್ನೂ ಒಮ್ಮೆ ಕಣ್ಣಾಡಿಸಿ ತಿದ್ದಬೇಕಾಗುತ್ತದೆ. ನಿಮ್ಮ ಮನೆಯ ಹಿರಿಯರು ಬರೆದಿಟ್ಟ ಕಡತಗಳಿದ್ದರೆ ಈ ಕೆಲಸವನ್ನು ದಯವಿಟ್ಟು ಮುಂದೂಡಬೇಡಿ.

ಕರೆಂಟು ಹೋದ ಮೇಲೆ

ಯುಪಿಎಸ್ ಇಲ್ಲದ ಕಂಪ್ಯೂಟರ್ ಕೆಲಸದ ನಡುವೆಯೇ ಆರಿಹೋದರೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮಿಂಟ್ ಬಳಸುವ ಇಎಕ್ಸ್‌ಟಿ4 ಕಡತವ್ಯವಸ್ಥೆಯು ಮಾಡಲಿರುವ ಬದಲಾವಣೆಗಳನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಳ್ಳುವುದರಿಂದ, ಮತ್ತೆ ಶುರುವಾದಾಗ ತಾನೇ ಸರಿಪಡಿಸಿಕೊಳ್ಳುತ್ತದೆ. ಅಪರೂಪಕ್ಕೆ ಕಪ್ಪು ಪರದೆಯ ಮೇಲೆ ಇನಿಟ್‌ರಾಮ್‌ಎಫ್‌ಎಸ್ (initramfs) ಎಂಬ ಪದ ಕಾಣಿಸಿ ಎಲ್ಲವೂ ನಿಂತುಬಿಡುತ್ತದೆ. ಆಗ ಎಕ್ಸಿಟ್ (exit) ಎಂದು ಟೈಪಿಸಿ ಎಂಟರ್ ಒತ್ತಿದರೆ, ಡಿಸ್ಕಿನ ಯಾವ ವಿಭಾಗದಲ್ಲಿ ದೋಷವಿದೆ ಎಂಬುದನ್ನು ಪರದೆಯೇ ಹೆಸರಿಸುತ್ತದೆ. ಎಫ್, ಎಸ್, ಸಿ, ಕೆ ಎಂಬ ನಾಲ್ಕಕ್ಷರದ ಆದೇಶ, ಒಂದು ಖಾಲಿ ಜಾಗ, ಅಡ್ಡಗೆರೆ ಮತ್ತು ಸಣ್ಣ ವೈ, ಮತ್ತೊಂದು ಖಾಲಿ ಜಾಗ, ಬಳಿಕ ಪರದೆಯಲ್ಲಿ ಕಂಡ ವಿಭಾಗದ ಪೂರ್ಣ ಹೆಸರು, ಇಷ್ಟನ್ನು ಟೈಪಿಸಿದರೆ ದುರಸ್ತಿ ನಡೆಯುತ್ತದೆ. ಮುಗಿದ ಮೇಲೆ ಮತ್ತೆ ಎಕ್ಸಿಟ್ ಎನ್ನಿ.

ಇದೇ ತೊಂದರೆ ಕರೆಂಟು ಹೋಗದಿದ್ದಾಗಲೂ ಮರುಕಳಿಸಿದರೆ ಡಿಸ್ಕೇ ಸವೆದಿರುವ ಸಾಧ್ಯತೆ ಹೆಚ್ಚು. ಡಿಸ್ಕ್ಸ್ ಎಂಬ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯವನ್ನು ತಿಳಿಸುವ ಸ್ಮಾರ್ಟ್ ಮಾಹಿತಿಯನ್ನು ನೋಡುವ ಮೊದಲೇ ನಿಮ್ಮ ಕಡತಗಳನ್ನು ಹೊರಗೆ ನಕಲು ಮಾಡಿಕೊಳ್ಳಿ.

ಪಾಸ್‌ವರ್ಡ್ ಒಪ್ಪಿ ಮತ್ತೆ ಅದೇ ಪರದೆಗೆ ಮರಳಿದರೆ

ಇದಕ್ಕೆ ಸಾಮಾನ್ಯ ಕಾರಣಗಳಲ್ಲಿ ಒಂದು ಡಿಸ್ಕ್ ತುಂಬಿರುವುದು. ಲಾಗಿನ್ ಆಗುವಾಗ ವ್ಯವಸ್ಥೆ ಕೆಲವು ಪುಟ್ಟ ಕಡತಗಳನ್ನು ಬರೆಯಬೇಕಾಗುತ್ತದೆ. ಜಾಗವಿಲ್ಲದಿದ್ದರೆ ಒಳಗೆ ಹೋಗಲಾರದು. ಮಿಂಟ್ ಸ್ಥಾಪಿಸಲು ಬಳಸಿದ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಶುರುಮಾಡಿ, ನಿಮ್ಮ ಡಿಸ್ಕನ್ನು ತೆರೆದು ಬೇಡದ ದೊಡ್ಡ ಕಡತಗಳನ್ನು ಅಳಿಸಿ. ಟೈಮ್‌ಶಿಫ್ಟ್ ಪ್ರತಿಗಳು ಹೆಚ್ಚಾಗಿದ್ದರೆ ಅವನ್ನು ಟೈಮ್‌ಶಿಫ್ಟ್ ಮೂಲಕವೇ ತೆಗೆಯಿರಿ. ಒಳಗೆ ಬಂದ ಮೇಲೆ ಡಿಸ್ಕ್ ಯೂಸೇಜ್ ಅನಲೈಸರ್ ಯಾವ ಕಡತಕೋಶ ಎಷ್ಟು ಜಾಗ ತಿಂದಿದೆ ಎಂಬುದನ್ನು ಚಿತ್ರದಲ್ಲಿ ತೋರಿಸುತ್ತದೆ. ಅಪ್‌ಡೇಟ್ ಮ್ಯಾನೇಜರ್‌ನ ಪ್ರಿಫರೆನ್ಸಸ್‌ನಲ್ಲಿ ಹಳೆಯ ಕರ್ನಲ್‌ಗಳನ್ನು, ಅಂದರೆ ವ್ಯವಸ್ಥೆಯ ತಿರುಳಾದ ತಂತ್ರಾಂಶದ ಹಿಂದಿನ ಆವೃತ್ತಿಗಳನ್ನು, ತಾನಾಗಿ ತೆಗೆಯುವ ಆಯ್ಕೆಯನ್ನು ಹಾಕಿಡಿ.

ಅಪ್‌ಡೇಟ್ ಆದ ಮರುದಿನ

ಅಪ್‌ಡೇಟ್ ನಂತರ ವೈಫೈ ಕೈಕೊಟ್ಟರೆ, ಪರದೆ ಕಪ್ಪಾಗಿಯೇ ಉಳಿದರೆ, ಹೊಸ ಕರ್ನಲ್ ಮೇಲೆ ಮೊದಲ ಅನುಮಾನವಿರಲಿ. ಕಂಪ್ಯೂಟರ್ ಶುರುವಾಗುವಾಗ ಹಳೆಯ ಬಯಾಸ್ ಯಂತ್ರವಾದರೆ ಶಿಫ್ಟ್, ಯುಇಎಫ್‌ಐ ಇರುವ ಹೊಸ ಯಂತ್ರವಾದರೆ ಎಸ್ಕೇಪ್ ಕೀಲಿ ಒತ್ತಿದರೆ, ಯಾವುದರಿಂದ ಶುರುಮಾಡಬೇಕೆಂದು ಆರಿಸುವ ಗ್ರಬ್ ಪಟ್ಟಿ ಬರುತ್ತದೆ. ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲನ್ನು ಆರಿಸಿ ನೋಡಿ. ಅದರಲ್ಲಿ ಎಲ್ಲವೂ ಸರಿಯಿದ್ದರೆ ಕಾರಣ ಸಿಕ್ಕಂತೆಯೇ. ಹೊಸದಾಗಿ ಹಾಕಿದ ಕಂಪ್ಯೂಟರಿನಲ್ಲಿ ವೈಫೈ ಮೊದಲಿನಿಂದಲೂ ಬಾರದಿದ್ದರೆ, ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಮೂಲಕ ಇಂಟರ್ನೆಟ್ ಪಡೆದು, ಡ್ರೈವರ್ ಮ್ಯಾನೇಜರ್ ತೆರೆದು ವೈಫೈಗೆ ಬೇಕಾದ ಡ್ರೈವರ್ ಸಿಗುತ್ತದೆಯೇ ನೋಡಿ.

ವಿಂಡೋಸ್ ಕೂಡ ಜೊತೆಗಿರುವವರಿಗೆ ಒಂದು ಮಾತು. ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಮುಂದೆ ಆಗುತ್ತಿದ್ದರೆ ಬ್ಯಾಟರಿ ಬದಲಿಸಬೇಕಾಗಿಲ್ಲ. ಯಂತ್ರದ ಗಡಿಯಾರವನ್ನು ವಿಂಡೋಸ್ ಭಾರತೀಯ ಸಮಯವೆಂದೂ ಲಿನಕ್ಸ್ ಜಾಗತಿಕ ಸಮಯವೆಂದೂ ಓದುತ್ತವೆ. ಮಿಂಟ್‌ನಿಂದ ಡಿಸ್ಕಿನ ವಿಂಡೋಸ್ ವಿಭಾಗದಲ್ಲಿ ಏನನ್ನೂ ಬರೆಯಲಾಗದಿದ್ದರೆ, ವಿಂಡೋಸಿನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಆಯ್ಕೆಯನ್ನು ತೆಗೆದು ಪೂರ್ತಿಯಾಗಿ ಶಟ್ ಡೌನ್ ಮಾಡಿ.

ಇಷ್ಟರ ಮೇಲೂ ಬಗೆಹರಿಯದಿದ್ದಾಗ ತಿಳಿದವರನ್ನು ಕೇಳಿ. ಆಗ ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಹೇಳದೆ, ಪರದೆಯ ಮೇಲಿನ ದೋಷಸಂದೇಶವನ್ನು ಇದ್ದಂತೆಯೇ ಬರೆದುಕೊಂಡು ಅಥವಾ ಫೋನಿನಲ್ಲಿ ಫೋಟೊ ತೆಗೆದು, ತೊಂದರೆ ಯಾವ ದಿನದಿಂದ ಎಂಬುದನ್ನೂ, ಸಿಸ್ಟಮ್ ಇನ್ಫರ್ಮೇಶನ್ ಪುಟದಿಂದ ನಕಲು ಮಾಡಿದ ವಿವರವನ್ನೂ ಜೊತೆಗಿಡಿ.