ಮಗುವಿಗೆ ಓದಿ ಹೇಳುವಾಗ ಅವಸರ ಬೇಡ

ಮಗುವಿಗೆ ಮಾತು ಬರಲಿ ಅಂತ ಕಾಯಬೇಡಿ. ಹಸುಗೂಸಿನಿಂದಲೇ ಓದಿ ಹೇಳಿ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2014ರಲ್ಲೇ ಹೇಳಿದೆ. ಆರು ತಿಂಗಳ ಮಗು ಪುಸ್ತಕವನ್ನು ಬಾಯಿಗೆ ಹಾಕುತ್ತದೆ. ದಪ್ಪ ರಟ್ಟಿನ ಪುಸ್ತಕ ಕೊಟ್ಟರಾಯಿತು.

ಎರಡು ವರ್ಷ ದಾಟಿದ ಮೇಲೆ ಸುಮ್ನೆ ಓದುತ್ತಾ ಹೋಗಬೇಡಿ. ನಾನು ಚಿತ್ರದ ಮೇಲೆ ಬೆರಳಿಟ್ಟು, ‘ಇಲ್ಲಿ ಏನಾಗ್ತಿದೆ?’ ಅಂತ ಮಗಳನ್ನು ಕೇಳುತ್ತೇನೆ. ಅವಳು ‘ನಾಯಿ’ ಅಂದರೆ, ‘ಹೌದು, ಒದ್ದೆ ನಾಯಿ ಓಡ್ತಿದೆ’ ಅಂತ ಅವಳ ಮಾತಿಗೇ ಎರಡು ಪದ ಸೇರಿಸುತ್ತೇನೆ. ಕೇಳಿದ ಮೇಲೆ ಸ್ವಲ್ಪ ಕಾಯಬೇಕು, ಇದು ತುಂಬಾ ಮುಖ್ಯ. ಉತ್ತರವನ್ನೂ ನಾವೇ ಹೇಳಿಬಿಟ್ಟರೆ ಮಗು ಮಾತಾಡುವುದು ಯಾವಾಗ, ಅಲ್ವಾ?

ಅದೇ ಕಥೆ ಮತ್ತೆ ಬೇಕೆಂದರೆ ಖುಷಿಯಿಂದ ಓದಿ. ಹೊಸ ಪದಗಳು ಹಾಗೇ ನಾಟುತ್ತವೆ. ಆಗಾಗ ಸಾಲಿನ ಕೆಳಗೆ ಬೆರಳು ಓಡಿಸಿ. ಗಮನ ಬೇರೆಡೆ ಹೋದರೆ ಕಥೆ ಅರ್ಧಕ್ಕೇ ನಿಲ್ಲಿಸಿದರೂ ಪರವಾಗಿಲ್ಲ.